ಹೊಸಕೋಟೆಗೆ ಇಳಿಯುವ ನಕ್ಷತ್ರದ ಬೆಳಕು

ನಕ್ಷತ್ರದ ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ಹರಡಿದಾಗ ಸಿಗುವ ಪಟ್ಟಿಗೆ ರೋಹಿತ ಎಂದು ಹೆಸರು. ನೇರಳೆಯಿಂದ ಕೆಂಪಿನವರೆಗೆ ಚಾಚಿದ ಆ ಪಟ್ಟಿಯಲ್ಲಿ ಅಲ್ಲಲ್ಲಿ ಬೆಳಕು ಕುಗ್ಗಿ ಕಪ್ಪು ಗೆರೆಗಳು ಮೂಡಿರುತ್ತವೆ. ಕೆಲವು ಕಾಯಗಳ ರೋಹಿತದಲ್ಲಿ ಹೊಳೆಯುವ ಗೆರೆಗಳೂ ಇರುತ್ತವೆ. ಗೆರೆ ಎಲ್ಲಿದೆ, ಎಷ್ಟು ದಟ್ಟವಾಗಿದೆ, ಎಷ್ಟು ಅಗಲವಾಗಿದೆ ಎಂಬುದನ್ನು ಅಳೆದರೆ ನಕ್ಷತ್ರದಲ್ಲಿ ಯಾವ ಧಾತುಗಳಿವೆ, ಅದರ ಮೈ ಎಷ್ಟು ಬಿಸಿಯಾಗಿದೆ, ಅದು ನಮ್ಮತ್ತ ಬರುತ್ತಿದೆಯೋ ದೂರ ಸರಿಯುತ್ತಿದೆಯೋ ಎಂದು ಹೇಳಬಹುದು. ಮುಟ್ಟಲು, ತಲುಪಲು ಸಾಧ್ಯವೇ ಇಲ್ಲದ ಕಾಯಗಳ ಬಗ್ಗೆ ಮನುಷ್ಯರು ಕಲಿತಿರುವುದರಲ್ಲಿ ಬಹುಪಾಲು ಈ ಗೆರೆಗಳಿಂದ ಬಂದದ್ದು. ಛಾಯಾಚಿತ್ರ ನಕ್ಷತ್ರ ಎಲ್ಲಿದೆ ಎಂದು ತೋರಿಸುತ್ತದೆ, ಅದು ಏನೆಂದು ತಿಳಿಯಲು ರೋಹಿತವೇ ಬೇಕು.

ಭಾರತದಲ್ಲಿ ಈ ಕೆಲಸ ನಡೆಯುವ ಮುಖ್ಯ ನೆಲೆಗಳಲ್ಲಿ ಒಂದು ಬೆಂಗಳೂರಿನ ಪೂರ್ವದ ಅಂಚಿನಲ್ಲಿದೆ. ವೈಟ್‌ಫೀಲ್ಡ್ ಕಡೆಯ ಐಟಿ ಕಟ್ಟಡಗಳನ್ನು ಹಿಂದೆ ಬಿಟ್ಟು ಹಳೆ ಮದ್ರಾಸು ರಸ್ತೆಯಲ್ಲಿ ಹೋದರೆ ಹೊಸಕೋಟೆ ಸಿಗುತ್ತದೆ. ಅಲ್ಲಿ ಶಿಡ್ಲಘಟ್ಟ ರಸ್ತೆಯಲ್ಲಿರುವ ಕ್ರೆಸ್ಟ್ ಆವರಣ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ, ಅಂದರೆ ಕೋರಮಂಗಲದ ಐಐಎಗೆ ಸೇರಿದ್ದು. ಲಡಾಖ್‌ನ ಹಾನ್ಲೆಯಲ್ಲಿ ಸಮುದ್ರಮಟ್ಟದಿಂದ ಸುಮಾರು 4500 ಮೀಟರ್ ಎತ್ತರದಲ್ಲಿ 2 ಮೀಟರ್ ವ್ಯಾಸದ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ಬೇಕಾದ ನಕ್ಷತ್ರದತ್ತ ತಿರುಗಿಸುವುದು, ಉಪಕರಣ ಬದಲಿಸುವುದು, ಬೆಳಕನ್ನು ದಾಖಲಿಸುವುದು ಎಲ್ಲವನ್ನೂ ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಲ್ಲೇ ಕುಳಿತು ಮಾಡುತ್ತಾರೆ. 2000ದ ಸೆಪ್ಟೆಂಬರ್‌ನಲ್ಲಿ ಈ ದೂರದರ್ಶಕಕ್ಕೆ ಮೊದಲ ಬೆಳಕು ಬಿತ್ತು. ಉಸಿರಾಟಕ್ಕೇ ಕಷ್ಟವಾಗುವ ಎತ್ತರ, ಚಳಿಗಾಲದಲ್ಲಿ ಶೂನ್ಯಕ್ಕಿಂತ ಬಹಳ ಕೆಳಗಿಳಿಯುವ ಉಷ್ಣತೆ ಇರುವ ಆ ಬೆಟ್ಟದಲ್ಲಿ ಪ್ರತಿ ಸಂಶೋಧಕರೂ ರಾತ್ರಿ ಕಳೆಯಬೇಕಾಗಿಲ್ಲ. ದೇಶದ ಬೇರೆ ಬೇರೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಹೊಸಕೋಟೆಗೆ ಬಂದು ತಮ್ಮ ಪಾಲಿನ ರಾತ್ರಿಯ ವೀಕ್ಷಣೆ ಮುಗಿಸಿಕೊಂಡು ಹೋಗಬಹುದು. ಈ ಸೌಕರ್ಯದಿಂದ ಎಷ್ಟೋ ಎಳೆಯರ ಪಾಲಿಗೆ ಖಗೋಳ ಸಂಶೋಧನೆಯ ಬಾಗಿಲು ತೆರೆದಿದೆ.

ದೂರದರ್ಶಕ ಅಷ್ಟು ದೂರ ಹೋಗಿದ್ದಕ್ಕೆ ಕಾರಣ ಬೆಂಗಳೂರಿನ ಆಕಾಶವನ್ನು ನೋಡಿದವರಿಗೆ ಗೊತ್ತು. ಕಾರ್ಖಾನೆ, ಕಚೇರಿ, ಮೇಲ್ಸೇತುವೆಗಳ ದೀಪಗಳು ಇಲ್ಲಿ ಇರುಳನ್ನು ಬೆಳಗಿಸಿಬಿಟ್ಟಿವೆ. ಹಿಂದೆ ಪೀಣ್ಯ, ವೈಟ್‌ಫೀಲ್ಡ್‌ಗಳ ರಸ್ತೆಗಳಲ್ಲಿ ಉರಿಯುತ್ತಿದ್ದ ಹಳದಿ ಸೋಡಿಯಂ ದೀಪಗಳ ಬೆಳಕು ಹೆಚ್ಚಾಗಿ ಕೆಲವೇ ಬಣ್ಣಗಳಿಗೆ ಸೀಮಿತವಾಗಿತ್ತು. ರೋಹಿತದ ಅಷ್ಟು ಭಾಗವನ್ನು ಕೈಬಿಟ್ಟು ಉಳಿದದ್ದನ್ನು ಓದಬಹುದಿತ್ತು. ಈಗಿನ ಬಿಳಿ ಎಲ್‌ಇಡಿ ದೀಪದ ಬೆಳಕು ನೀಲಿಯಿಂದ ಕೆಂಪಿನವರೆಗೆ ಎಲ್ಲೆಡೆ ಹರಡಿಕೊಳ್ಳುವುದರಿಂದ ಅದನ್ನು ಬೇರ್ಪಡಿಸುವುದು ಕಷ್ಟ. ಹಾನ್ಲೆಯ ಗಾಳಿ ತೆಳು, ಒಣ; ಅವಕೆಂಪು ಬೆಳಕನ್ನು ನುಂಗುವ ನೀರಾವಿ ಅಲ್ಲಿ ಬಹಳ ಕಡಿಮೆ. ಅಲ್ಲಿನ ಕತ್ತಲನ್ನು ಕಾಪಾಡಲು 2022ರಲ್ಲಿ ಆ ಪ್ರದೇಶವನ್ನು ಕತ್ತಲಾಕಾಶದ ಮೀಸಲು ತಾಣವೆಂದು ಗುರುತಿಸಲಾಯಿತು.

ಸೋಡಿಯಂ ದೀಪಕ್ಕೂ ಸೂರ್ಯನಿಗೂ ಇರುವ ನಂಟಿನಿಂದಲೇ ರೋಹಿತದ ಗುಟ್ಟು ಬಯಲಾಯಿತು. ಜರ್ಮನಿಯ ಗಾಜಿನ ಕುಶಲಿ ಯೋಸೆಫ್ ಫ್ರೌನ್‌ಹೋಫರ್ 1814ರಲ್ಲಿ ಸೂರ್ಯನ ರೋಹಿತದಲ್ಲಿ ಐನೂರಕ್ಕೂ ಹೆಚ್ಚು ಕಪ್ಪು ಗೆರೆಗಳನ್ನು ಗುರುತಿಸಿದ್ದ. ಹಳದಿ ಭಾಗದಲ್ಲಿ 589.0 ಮತ್ತು 589.6 ನ್ಯಾನೊಮೀಟರ್ ಅಲೆಯುದ್ದದಲ್ಲಿ ಅಕ್ಕಪಕ್ಕದಲ್ಲಿ ನಿಂತ ಎರಡು ಗೆರೆಗಳಿವೆ. ಉಪ್ಪನ್ನು ಉರಿಗೆ ಹಾಕಿದಾಗ ಮೂಡುವ ಹಳದಿ ಬೆಳಕೂ ಸರಿಯಾಗಿ ಅದೇ ಜಾಗದಲ್ಲಿ ಹೊಳೆಯುತ್ತದೆ. ಬಿಸಿ ಆವಿ ಯಾವ ಬಣ್ಣವನ್ನು ಹೊಮ್ಮಿಸುತ್ತದೋ, ಹಿಂದಿನಿಂದ ಬರುವ ಇನ್ನೂ ಬಿಸಿಯಾದ ಮೂಲದ ಬೆಳಕಿನಲ್ಲಿ ಅದೇ ಬಣ್ಣವನ್ನು ನುಂಗುತ್ತದೆ ಎಂದು ಹೈಡೆಲ್‌ಬರ್ಗ್‌ನ ಕಿರ್ಕಾಫ್ ಮತ್ತು ಬುನ್ಸೆನ್ 1859ರಿಂದ ಮುಂದಿನ ಪ್ರಯೋಗಗಳಲ್ಲಿ ತೋರಿಸಿಕೊಟ್ಟರು. ಪರಮಾಣುವಿನ ಎಲೆಕ್ಟ್ರಾನುಗಳು ನಿಗದಿತ ಶಕ್ತಿಮಟ್ಟಗಳಲ್ಲಿ ಮಾತ್ರ ಇರಬಲ್ಲವು. ಒಂದು ಮಟ್ಟದಿಂದ ಇನ್ನೊಂದಕ್ಕೆ ಜಿಗಿಯುವಾಗ ಆ ಅಂತರಕ್ಕೆ ತಕ್ಕ ಬೆಳಕನ್ನಷ್ಟೇ ಹೀರುತ್ತವೆ ಅಥವಾ ಹೊರಹಾಕುತ್ತವೆ. ಪ್ರತಿ ಧಾತುವಿನ ಮಟ್ಟಗಳೂ ಬೇರೆ ಬೇರೆಯಾದ್ದರಿಂದ ಗೆರೆಗಳ ಸಾಲೂ ಬೇರೆ ಬೇರೆ.

ಈ ಹೊಸ ವಿದ್ಯೆ ಕನ್ನಡನಾಡಿಗೆ ಬಹಳ ಬೇಗ ಬಂತು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ಹಾದಿ ಇಂದಿನ ಉತ್ತರ ಕರ್ನಾಟಕದ ಮೇಲೆ ಸಾಗಿ ಆಂಧ್ರದ ಕರಾವಳಿಯತ್ತ ಹೋಯಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕ ಹಿಡಿದು ನಿಂತಿದ್ದ. ಗುಂಟೂರಿನಲ್ಲಿ ಫ್ರಾನ್ಸಿನ ಜೂಲ್ ಜಾನ್ಸೆನ್ ಇದ್ದ. ಸೂರ್ಯನ ಅಂಚಿನಲ್ಲಿ ಎದ್ದ ಕೆಂಪು ಜ್ವಾಲೆಗಳ ರೋಹಿತದಲ್ಲಿ ಹೊಳಪಿನ ಗೆರೆಗಳು ಕಂಡವು, ಜ್ವಾಲೆಗಳು ಬಿಸಿ ಅನಿಲವೆಂದು ಖಚಿತವಾಯಿತು. ಅವುಗಳಲ್ಲಿ ಹಳದಿಯ ಒಂದು ಗೆರೆ ಸೋಡಿಯಂ ಗೆರೆಗಳ ಹತ್ತಿರವಿದ್ದರೂ ಅವುಗಳ ಜಾಗದಲ್ಲಿ ಇರಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಗ್ರಹಣವಿಲ್ಲದ ದಿನವೇ ಆ ಗೆರೆಯನ್ನು ಹಿಡಿದ. ಭೂಮಿಯ ಮೇಲೆ ಯಾರೂ ಕಂಡಿರದ ಆ ಧಾತು ಹೀಲಿಯಂ. ಅದು ಭೂಮಿಯಲ್ಲಿ ಸಿಕ್ಕಿದ್ದು 1895ರಲ್ಲಿ, ವಿಲಿಯಂ ರಾಮ್ಸೆಯ ಪ್ರಯೋಗಾಲಯದಲ್ಲಿ.

ಗೆರೆ ದಟ್ಟವಾಗಿದ್ದರೆ ಆ ಧಾತು ಹೆಚ್ಚಿದೆ ಎಂದು ನೇರವಾಗಿ ಹೇಳಿಬಿಡುವಂತಿಲ್ಲ. ಬಿಸಿ ಹೆಚ್ಚಿದಂತೆ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆ, ಗೆರೆಗಳ ಸಾಲೇ ಬದಲಾಗುತ್ತದೆ. ಯಾವ ಉಷ್ಣತೆ, ಯಾವ ಒತ್ತಡದಲ್ಲಿ ಎಷ್ಟು ಪಾಲು ಪರಮಾಣುಗಳು ಹಾಗಾಗುತ್ತವೆ ಎಂಬ ಸಮೀಕರಣವನ್ನು ಮೇಘನಾದ ಸಾಹಾ 1920ರಲ್ಲಿ ಕೊಟ್ಟರು. ಅದನ್ನೇ ಆಧಾರವಾಗಿಟ್ಟುಕೊಂಡು ಸಿಸಿಲಿಯಾ ಪೇನ್ 1925ರಲ್ಲಿ ನಕ್ಷತ್ರಗಳು ಬಹುಪಾಲು ಹೈಡ್ರೋಜನ್ ಮತ್ತು ಹೀಲಿಯಂನಿಂದ ಆದವು ಎಂಬ ಲೆಕ್ಕಕ್ಕೆ ಬಂದರು. ಸೂರ್ಯನೂ ಭೂಮಿಯಂಥದೇ ಸಾಮಗ್ರಿಯ ಉಂಡೆ ಎಂದು ನಂಬಿದ್ದ ಅಂದಿನ ಹಿರಿಯ ವಿಜ್ಞಾನಿಗಳಿಗೆ ಅದನ್ನು ಒಪ್ಪಲು ಕೆಲವು ವರ್ಷಗಳೇ ಬೇಕಾದವು. ಭಾರತೀಯನೊಬ್ಬನ ಸಮೀಕರಣ ನಕ್ಷತ್ರಗಳ ಅಧ್ಯಯನಕ್ಕೆ ಬುನಾದಿಯಾದ ಈ ಕಥೆ ನಮ್ಮ ಶಾಲಾಪುಸ್ತಕಗಳಲ್ಲಿ ಇನ್ನಷ್ಟು ವಿವರವಾಗಿ ಬರಬೇಕು.

ಹಾನ್ಲೆಯ ದೂರದರ್ಶಕದಲ್ಲಿ ರೋಹಿತ ಹಿಡಿಯುವ ಉಪಕರಣಗಳು ಒಂದಕ್ಕಿಂತ ಹೆಚ್ಚಿವೆ. ಮಂಕು ಕಾಯಗಳ ರೋಹಿತವನ್ನು ಒರಟಾಗಿಯಾದರೂ ಬೇಗ ತೆಗೆಯಲು ಒಂದು, ಅವಕೆಂಪಿಗೆ ಒಂದು, ಪ್ರಕಾಶಮಾನ ನಕ್ಷತ್ರಗಳ ಸೂಕ್ಷ್ಮ ಗೆರೆಗಳಿಗೆ ಇನ್ನೊಂದು. ಕೊನೆಯದು ಹಾನ್ಲೆ ಎಷೆಲ್ ರೋಹಿತಲೇಖಿ, ಚಿಕ್ಕದಾಗಿ ಹೆಸ್ಪ್. ದೂರದರ್ಶಕ ಕೂಡಿಸಿದ ಬೆಳಕು ಗಾಜಿನ ತಂತುವಿನ ಮೂಲಕ ಉಷ್ಣತೆ ಏರಿಳಿಯದಂತೆ ಕಾಪಾಡಿದ ಕೋಣೆಗೆ ಹೋಗುತ್ತದೆ. ಅಲ್ಲಿ ನುಣುಪಾದ ತಟ್ಟೆಯ ಮೇಲೆ ಒತ್ತಾಗಿ ಕೊರೆದ ಸಮಾನಾಂತರ ಗೀರುಗಳು ಬೆಳಕನ್ನು ಬಣ್ಣಗಳಾಗಿ ಬಿಡಿಸುತ್ತವೆ. ಉದ್ದದ ರೋಹಿತವನ್ನು ತುಂಡುತುಂಡಾಗಿ ಒಂದರ ಕೆಳಗೊಂದು ಜೋಡಿಸಿ ಒಂದೇ ಸಂವೇದಕದ ಮೇಲೆ ಬೀಳಿಸಲಾಗುತ್ತದೆ. ಗೆರೆಗಳ ಜಾಗ ಅಳೆಯಲು ಥೋರಿಯಂ-ಆರ್ಗಾನ್ ದೀಪದ ಬೆಳಕನ್ನು ಅಳತೆಗೋಲಾಗಿ ಬಳಸುತ್ತಾರೆ. ಅಲೆಯುದ್ದದಲ್ಲಿ ಅರವತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವಿರುವ ಎರಡು ಗೆರೆಗಳನ್ನೂ ಹೆಸ್ಪ್ ಬೇರೆ ಬೇರೆಯಾಗಿ ತೋರಿಸಬಲ್ಲದು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಅಷ್ಟೊಂದು ಸಣ್ಣ ಪಾಲುಗಳಾಗಿ ಹಂಚಿದ ಮೇಲೆ ಪ್ರತಿ ಪಾಲಿಗೂ ಸಿಗುವ ಬೆಳಕು ತೀರ ಅಲ್ಪ. ಹಾಗಾಗಿ ಒಂದೇ ನಕ್ಷತ್ರಕ್ಕೆ ದೀರ್ಘಕಾಲ ದೂರದರ್ಶಕವನ್ನು ಹಿಡಿದಿಡಬೇಕಾಗುತ್ತದೆ.

ಈ ತಾಳ್ಮೆಗೆ ಫಲ ಸಿಕ್ಕ ಒಂದು ಪ್ರಶ್ನೆ ಲಿಥಿಯಂನದು. ಮೊಬೈಲ್ ಬ್ಯಾಟರಿಯಲ್ಲಿರುವ ಈ ಧಾತು ನಕ್ಷತ್ರದೊಳಗೆ ಬಹಳ ನಾಜೂಕು. ಸುಮಾರು 25 ಲಕ್ಷ ಡಿಗ್ರಿಯಲ್ಲೇ ನಾಶವಾಗುತ್ತದೆ. ಸೂರ್ಯನಂಥ ತಾರೆ ಮುಪ್ಪಿನಲ್ಲಿ ಉಬ್ಬಿ ಕೆಂಪು ದೈತ್ಯವಾದಾಗ ಮೇಲಿನ ಪದರಗಳು ಒಳಗಿನ ಬಿಸಿಯೊಂದಿಗೆ ಕಲಸಿ ಲಿಥಿಯಂ ಇನ್ನೂ ಇಳಿಯಬೇಕು. ಆದರೆ ಕೆಲವು ದೈತ್ಯಗಳ ರೋಹಿತದಲ್ಲಿ 670.8 ನ್ಯಾನೊಮೀಟರ್‌ನ ಲಿಥಿಯಂ ಗೆರೆ ಎದ್ದು ಕಾಣುತ್ತದೆ. ಐಐಎಯ ಬಿ. ಈಶ್ವರ್ ರೆಡ್ಡಿ ಮತ್ತು ಯೆರ್ರಾ ಭರತ್ ಕುಮಾರ್ ಹಾನ್ಲೆ ಮತ್ತು ತಮಿಳುನಾಡಿನ ಕಾವಲೂರಿನ ದೂರದರ್ಶಕಗಳಿಂದ ಸುಮಾರು 2000 ದೈತ್ಯ ತಾರೆಗಳನ್ನು ಜಾಲಾಡಿ ಇಂಥವನ್ನು ಹುಡುಕಿದರು. ಮುಂದೆ ಆಸ್ಟ್ರೇಲಿಯಾದ ಗಾಲಾ ಸಮೀಕ್ಷೆಯ ಅಪಾರ ರೋಹಿತಗಳನ್ನು ಬಳಸಿ 2020ರಲ್ಲಿ ಅವರ ತಂಡ ಇನ್ನೂ ದೊಡ್ಡ ಮಾತನ್ನು ಹೇಳಿತು: ಕೇಂದ್ರದಲ್ಲಿ ಹೀಲಿಯಂ ಉರಿಯುತ್ತಿರುವ ಹಂತ ತಲುಪಿದ ಸೂರ್ಯನಂಥ ತಾರೆಗಳಲ್ಲೆಲ್ಲ ಲಿಥಿಯಂ ಹೆಚ್ಚಿದೆ. ಅದಕ್ಕೆ ಮೊದಲಿನ ಹಂತದ ಕೊನೆಯಲ್ಲಿದ್ದ ಪ್ರಮಾಣಕ್ಕಿಂತ ಸರಾಸರಿ ನಲವತ್ತು ಪಟ್ಟು. ಕೇಂದ್ರದ ಹೀಲಿಯಂ ಒಮ್ಮೆಲೇ ಹೊತ್ತಿಕೊಳ್ಳುವ ಘಳಿಗೆಗೂ ಲಿಥಿಯಂ ಹುಟ್ಟಿಗೂ ಸಂಬಂಧವಿರಬಹುದೆಂಬುದು ಅವರ ಅಭಿಪ್ರಾಯ. ನಮ್ಮ ಸೂರ್ಯನೂ ಮುಂದೊಂದು ದಿನ ಲಿಥಿಯಂ ತಯಾರಿಸುತ್ತಾನೆ ಎಂದು ಇದರ ಅರ್ಥ.

ಗೆಲಾಕ್ಸಿಗಳ ವಿಕಾಸದ ಕಥೆ ಇಂಥ ಬಿಡಿ ನಕ್ಷತ್ರಗಳಿಂದಲೇ ಶುರುವಾಗುತ್ತದೆ. ವಿಶ್ವ ಹುಟ್ಟಿದಾಗ ಇದ್ದದ್ದು ಹೈಡ್ರೋಜನ್, ಹೀಲಿಯಂ ಮತ್ತು ಚೂರು ಲಿಥಿಯಂ. ಇಂಗಾಲ, ಆಮ್ಲಜನಕ, ಕಬ್ಬಿಣ ಎಲ್ಲವೂ ನಕ್ಷತ್ರಗಳಲ್ಲಿ ಬೆಂದು, ಸ್ಫೋಟಗಳಲ್ಲಿ ಹೊರಚೆಲ್ಲಿ, ಮುಂದಿನ ತಲೆಮಾರಿನ ನಕ್ಷತ್ರಗಳಿಗೆ ಸೇರಿದವು. ಆದ್ದರಿಂದ ಕಬ್ಬಿಣ ಕಡಿಮೆ ಇರುವ ನಕ್ಷತ್ರ ಬಹುಮಟ್ಟಿಗೆ ಹಳೆಯದು. ಹೆಸ್ಪ್-ಗೋಂಪಾ ಎಂಬ ಸಮೀಕ್ಷೆ ನಮ್ಮ ಆಕಾಶಗಂಗೆಯಲ್ಲಿ ಉಳಿದಿರುವ ಇಂಥ ಹಳೆಯ ತಾರೆಗಳನ್ನು ಹುಡುಕಿ ಅವುಗಳ ಸ್ಟ್ರಾಂಷಿಯಂ, ಬೇರಿಯಂ, ಯುರೋಪಿಯಂ ಗೆರೆಗಳನ್ನು ಅಳೆಯುತ್ತದೆ. ಕಬ್ಬಿಣಕ್ಕಿಂತ ಭಾರವಾದ ಧಾತುಗಳಲ್ಲಿ ಹಲವು ಹುಟ್ಟಲು ನ್ಯೂಟ್ರಾನುಗಳ ಮಳೆಯೇ ಬೇಕು. 2017ರ ಆಗಸ್ಟ್ 17ರಂದು ಗುರುತ್ವದ ಅಲೆಗಳಲ್ಲಿ ಪತ್ತೆಯಾದ ಎರಡು ನ್ಯೂಟ್ರಾನ್ ತಾರೆಗಳ ಡಿಕ್ಕಿಯ ರೋಹಿತದಲ್ಲಿ ಸ್ಟ್ರಾಂಷಿಯಂ ಕಂಡಮೇಲೆ, ಹಳೆಯ ತಾರೆಗಳಲ್ಲಿನ ಭಾರಧಾತುಗಳ ಲೆಕ್ಕಕ್ಕೆ ಹೊಸ ಅರ್ಥ ಬಂದಿದೆ.

ಸ್ಫೋಟಗಳ ರೋಹಿತ ಹಿಡಿಯುವುದಕ್ಕೆ ಧಾವಂತವೂ ಬೇಕು. 2023ರ ಮೇ 19ರಂದು ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇತಗಾಕಿ ಎಂ101 ಗೆಲಾಕ್ಸಿಯಲ್ಲಿ, ಅಂದರೆ ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಸೂಪರ್‌ನೋವಾ ಕಂಡರು. ಹಾನ್ಲೆಯ ದೂರದರ್ಶಕ ಬೇಗನೆ ಅತ್ತ ತಿರುಗಿತು. ಮೊದಲ ದಿನಗಳ ರೋಹಿತದಲ್ಲಿ ಕಿರಿದಾದ ಹೊಳಪುಗೆರೆಗಳಿದ್ದವು, ದಿನಗಳು ಕಳೆದಂತೆ ಅವು ಮಾಯವಾದವು. ಸಾಯುವ ಮುನ್ನ ಆ ತಾರೆ ತನ್ನ ಸುತ್ತ ಉಗುಳಿಕೊಂಡಿದ್ದ ಅನಿಲ ಸ್ಫೋಟದ ಬೆಳಕಿಗೆ ಹೊಳೆದು, ಬೆನ್ನಟ್ಟಿ ಬಂದ ಸಿಡಿತಕ್ಕೆ ಸಿಕ್ಕಿ ಹೋದದ್ದಕ್ಕೆ ಆ ಗೆರೆಗಳೇ ಸಾಕ್ಷಿ. ಒಂದು ವಾರ ತಡವಾಗಿದ್ದರೆ ಈ ಸಂಗತಿ ಕೈತಪ್ಪುತ್ತಿತ್ತು.

ಗೆಲಾಕ್ಸಿಗಳ ವಿಷಯಕ್ಕೆ ಬಂದಾಗ ಗೆರೆಯ ಜಾಗ ಬದಲಾಗುವುದೇ ಮುಖ್ಯ. ಹಳೆ ಮದ್ರಾಸು ರಸ್ತೆಯಲ್ಲಿ ನಮ್ಮನ್ನು ದಾಟಿ ಹೋಗುವ ಆಂಬುಲೆನ್ಸಿನ ಸದ್ದು ದೂರವಾಗುತ್ತಲೇ ತಗ್ಗುವಂತೆ, ದೂರ ಸರಿಯುವ ಕಾಯದ ಬೆಳಕಿನ ಅಲೆಯೂ ಉದ್ದವಾಗಿ ಗೆರೆಗಳು ಕೆಂಪಿನತ್ತ ಸರಿಯುತ್ತವೆ. ಬಹುದೂರದ ಗೆಲಾಕ್ಸಿಗಳಲ್ಲಿ ಈ ಕೆಂಪು ಪಲ್ಲಟಕ್ಕೆ ಕಾರಣ ವಿಶ್ವವೇ ಹಿಗ್ಗುತ್ತಿರುವುದು. ಪಲ್ಲಟ ಹೆಚ್ಚಿದಷ್ಟೂ ಆ ಬೆಳಕು ಹೊರಟ ಕಾಲ ಹಿಂದಿನದು. ಹೀಗೆ ಬೇರೆ ಬೇರೆ ಪಲ್ಲಟದ ಗೆಲಾಕ್ಸಿಗಳನ್ನು ಕಾಲಕ್ಕೆ ತಕ್ಕಂತೆ ಸಾಲಾಗಿ ಇಟ್ಟು ನೋಡಿ, ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ಉತ್ತುಂಗದಲ್ಲಿತ್ತು, ಅಲ್ಲಿಂದೀಚೆಗೆ ಇಳಿಯುತ್ತ ಬಂದಿದೆ ಎಂದು ಖಗೋಳಜ್ಞರು ಕಂಡುಕೊಂಡಿದ್ದಾರೆ.

ಒಂದೊಂದೇ ನಕ್ಷತ್ರ ಕಾಣದಷ್ಟು ದೂರದ ಗೆಲಾಕ್ಸಿಯ ರೋಹಿತ ಕೋಟ್ಯಂತರ ತಾರೆಗಳ ಬೆಳಕು ಕಲೆತದ್ದು. ಅದರಲ್ಲಿಯೂ ಓದುವುದಕ್ಕೆ ಬಹಳ ಇದೆ. 656.3 ನ್ಯಾನೊಮೀಟರ್‌ನ ಹೈಡ್ರೋಜನ್ ಗೆರೆ ಹೊಳೆಯುತ್ತಿದ್ದರೆ ಎಳೆಯ, ಬಿಸಿ ನಕ್ಷತ್ರಗಳು ಸುತ್ತಲ ಅನಿಲವನ್ನು ಬೆಳಗಿಸುತ್ತಿವೆ, ಹುಟ್ಟು ಇನ್ನೂ ನಡೆದಿದೆ. ಹೊಳಪುಗೆರೆಗಳಿಲ್ಲದೆ ಹೈಡ್ರೋಜನ್‌ನ ಕಪ್ಪು ಗೆರೆಗಳೇ ಬಲವಾಗಿದ್ದರೆ ಹುಟ್ಟು ಕಳೆದ ನೂರು ಕೋಟಿ ವರ್ಷಗಳೊಳಗೆ ನಿಂತುಹೋಗಿದೆ. ಕ್ಯಾಲ್ಸಿಯಂನ ಜೋಡಿ ಗೆರೆಗಳು ಆಳವಾಗಿದ್ದು, 400 ನ್ಯಾನೊಮೀಟರ್ ಹತ್ತಿರ ಬೆಳಕು ದಿಢೀರನೆ ಕುಸಿದಿದ್ದರೆ ಅಲ್ಲಿರುವುದು ಬಹುಪಾಲು ಹಳೆಯ ತಾರೆಗಳು. ಗೆಲಾಕ್ಸಿಯ ಒಂದು ಮಗ್ಗುಲ ಗೆರೆ ನೀಲಿಯತ್ತಲೂ ಇನ್ನೊಂದು ಮಗ್ಗುಲದ್ದು ಕೆಂಪಿನತ್ತಲೂ ಸರಿದಿದ್ದರೆ ಅದು ತಿರುಗುವ ವೇಗ ಸಿಗುತ್ತದೆ. ಅಂಚಿನ ಕಡೆಗೂ ವೇಗ ಇಳಿಯದಿರುವುದನ್ನು ವೆರಾ ರೂಬಿನ್ 1970ರ ದಶಕದಲ್ಲಿ ಗೆಲಾಕ್ಸಿಯಿಂದ ಗೆಲಾಕ್ಸಿಗೆ ಅಳೆದು ತೋರಿಸಿದ್ದರಿಂದ, ಕಣ್ಣಿಗೆ ಕಾಣದ ದ್ರವ್ಯವಿದೆ ಎಂಬ ವಾದಕ್ಕೆ ಬಲ ಬಂತು.

ಬಿಸಿಯಾದ ಎಳೆಯ ತಾರೆಗಳ ಬೆಳಕು ಹೆಚ್ಚಾಗಿ ಅತಿನೇರಳೆಯದು. ಅದರ ಬಹುಭಾಗವನ್ನು ಭೂಮಿಯ ವಾತಾವರಣ ತಡೆಯುತ್ತದೆ, ಆದ್ದರಿಂದ ದೂರದರ್ಶಕ ಬಾಹ್ಯಾಕಾಶಕ್ಕೇ ಹೋಗಬೇಕು. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಯುವಿಐಟಿ ಜೋಡಣೆಯಾದದ್ದು ಹೊಸಕೋಟೆಯ ಕ್ರೆಸ್ಟ್ ಆವರಣದ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ. ಕನ್ನಡಿಯ ಮೇಲೆ ಎಣ್ಣೆಯಂಥ ಪದಾರ್ಥದ ಕೆಲವೇ ಅಣುಗಳ ಪದರ ಕೂತರೂ ಅತಿನೇರಳೆ ಬೆಳಕು ಹೀರಿಹೋಗುತ್ತದೆ. ಅದಕ್ಕೇ ದೂಳು, ಆವಿ ಸುಳಿಯದ ಕೋಣೆಯಲ್ಲಿ ಮಾತ್ರ ಕೆಲಸ ನಡೆಯಿತು. ಉಪಗ್ರಹ ಮೇಲೇರಿದ ಬಳಿಕವೂ ಒಳಗಿನ ಆವಿ ಹೊರಹೋಗಲೆಂದು ಸುಮಾರು ಎರಡು ತಿಂಗಳು ಕಾದು ದೂರದರ್ಶಕದ ಬಾಗಿಲು ತೆರೆದರು.

ನಗರದ ಇನ್ನೊಂದು ತುದಿಯಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವಿದೆ. ಲೇತು, ಮೋಲ್ಡಿಂಗ್, ಪೌಡರ್ ಕೋಟಿಂಗ್ ಶೆಡ್ಡುಗಳ ನಡುವೆ ಇಸ್ರೋದ ಇಸ್ಟ್ರಾಕ್ ಕೇಂದ್ರದಿಂದ ಆಸ್ಟ್ರೋಸ್ಯಾಟ್‌ಗೆ ಆದೇಶ ಹೋಗುತ್ತದೆ. 1975ರ ಆರ್ಯಭಟ ಉಪಗ್ರಹ ರೂಪುಗೊಂಡದ್ದೂ ಪೀಣ್ಯದ ಶೆಡ್ಡುಗಳಲ್ಲೇ. ಅಲ್ಲಿಯೇ ಇರುವ ಲಿಯೋಸ್ ಪ್ರಯೋಗಾಲಯ ಚಂದ್ರಯಾನ-3ರ ಪ್ರಜ್ಞಾನ್ ಬಂಡಿಗೆ ಲೇಸರ್ ರೋಹಿತದರ್ಶಕ ಮಾಡಿಕೊಟ್ಟಿತು. ಚಂದ್ರನ ಮಣ್ಣಿಗೆ ಲೇಸರ್ ಹೊಡೆದು ಎದ್ದ ಕಿಡಿಯ ರೋಹಿತದಲ್ಲಿ 2023ರ ಆಗಸ್ಟ್‌ನಲ್ಲಿ ಗಂಧಕದ ಗೆರೆ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ಸೌರನೌಕೆಯ ಮುಖ್ಯ ಉಪಕರಣ ಮತ್ತೆ ಹೊಸಕೋಟೆಯದು. ಸೂರ್ಯನ ಹೊರವಲಯದಲ್ಲಿ ಹದಿಮೂರು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣ 530.3 ನ್ಯಾನೊಮೀಟರ್‌ನಲ್ಲಿ ಬೀರುವ ಹಸಿರು ಗೆರೆಯನ್ನು ಅದು ಹಿಡಿಯುತ್ತದೆ. ಕಬ್ಬಿಣ ಆ ಸ್ಥಿತಿಗೆ ಬರಲು ಹತ್ತು ಲಕ್ಷ ಡಿಗ್ರಿಗೂ ಮೀರಿದ ಬಿಸಿ ಬೇಕು.

ಯುವಿಐಟಿಯ ಒಂದು ಬಹುದೂರದ ಬೇಟೆ ಗೆಲಾಕ್ಸಿಗಳ ಯೌವನಕ್ಕೆ ಸೇರಿದ್ದು. ಪುಣೆಯ ಅಯೂಕಾ ಸಂಸ್ಥೆಯ ಕನಕ್ ಸಾಹಾ ನೇತೃತ್ವದ ತಂಡ 2020ರಲ್ಲಿ ವರದಿ ಮಾಡಿದ ಎಯುಡಿಎಫ್‌ಎಸ್01 ಗೆಲಾಕ್ಸಿಯ ಬೆಳಕು 930 ಕೋಟಿ ವರ್ಷಗಳ ಹಿಂದೆ ಹೊರಟದ್ದು. ಹಬಲ್ ದೂರದರ್ಶಕದ ರೋಹಿತದಿಂದ ಅದರ ಕೆಂಪು ಪಲ್ಲಟ 1.42 ಎಂದು ತಿಳಿದಿತ್ತು, ಅಂದರೆ ಬೆಳಕಿನ ಅಲೆ 2.42 ಪಟ್ಟು ಹಿಗ್ಗಿದೆ. ಆ ಲೆಕ್ಕದಲ್ಲಿ ಯುವಿಐಟಿ ಕಂಡ ಬೆಳಕು ಹೊರಟಾಗ ಅದರ ಅಲೆಯುದ್ದ ಸುಮಾರು 60 ನ್ಯಾನೊಮೀಟರ್. 91.2 ನ್ಯಾನೊಮೀಟರ್‌ಗಿಂತ ಗಿಡ್ಡ ಅಲೆಯ ಬೆಳಕನ್ನು ಹೈಡ್ರೋಜನ್ ನುಂಗಿ ಎಲೆಕ್ಟ್ರಾನು ಕಳೆದುಕೊಳ್ಳುವುದರಿಂದ ಅದು ಗೆಲಾಕ್ಸಿಯಿಂದ ಹೊರಬರುವುದೇ ಅಪರೂಪ. ಆದಿಕಾಲದಲ್ಲಿ ವಿಶ್ವವನ್ನು ತುಂಬಿದ್ದ ಹೈಡ್ರೋಜನ್ ಮಬ್ಬನ್ನು ಕರಗಿಸಿದ್ದು ಇಂಥದೇ ಬೆಳಕು ಎಂಬ ಊಹೆಗೆ ಈ ಗೆಲಾಕ್ಸಿ ಹತ್ತಿರದ ಉದಾಹರಣೆ. ರೋಹಿತ ಇಲ್ಲದಿದ್ದರೆ ಇದೊಂದು ಮಂಕು ಚುಕ್ಕೆಯಾಗಿ ಉಳಿಯುತ್ತಿತ್ತು.

ಮೊದಲ ನಕ್ಷತ್ರಗಳ ಕಾಲಕ್ಕೆ ಹೋಗಲು ರೇಡಿಯೊ ಅಲೆಗಳ ರೋಹಿತ ಬೇಕು. ಹೈಡ್ರೋಜನ್ ಪರಮಾಣು 21 ಸೆಂಟಿಮೀಟರ್ ಅಲೆಯಲ್ಲೂ ಗೆರೆ ಮೂಡಿಸುತ್ತದೆ. ವಿಶ್ವ ಹಿಗ್ಗಿದ್ದರಿಂದ ಅದು ಇಂದು ಕೆಲವು ಮೀಟರ್ ಉದ್ದವಾಗಿ ಬರುತ್ತದೆ. 78 ಮೆಗಾಹರ್ಟ್ಸ್ ಬಳಿ ಅಂಥ ಗೆರೆ ಸಿಕ್ಕಿತೆಂದು ಅಮೆರಿಕದ ಎಡ್ಜಸ್ ತಂಡ 2018ರಲ್ಲಿ ಘೋಷಿಸಿ ಸಂಚಲನ ಮೂಡಿಸಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತಂಡ ತನ್ನ ಸರಸ್-3 ಆಂಟೆನಾವನ್ನು 2020ರಲ್ಲಿ ತೆಪ್ಪದ ಮೇಲೆ ತೇಲಿಸಿತು, ದಂಡಿಗಾನಹಳ್ಳಿ ಕೆರೆಯಲ್ಲಿ ಮತ್ತು ಶರಾವತಿ ಹಿನ್ನೀರಿನಲ್ಲಿ. ನೆಲದೊಳಗಿನ ಪದರಗಳಿಂದ ಮರಳುವ ಅಲೆಗಳು ಅಳತೆಯನ್ನು ಕೆಡಿಸುತ್ತವೆ, ಏಕರೂಪದ ನೀರಿನ ಮೇಲೆ ಆ ಕಾಟವಿಲ್ಲ. ಅಮೆರಿಕದವರು ಹೇಳಿದ ಗೆರೆ ಸರಸ್-3ಕ್ಕೆ ಕಾಣಲಿಲ್ಲ. ಶೇಕಡಾ 95.3ರಷ್ಟು ವಿಶ್ವಾಸದೊಂದಿಗೆ ಅದನ್ನು ತಳ್ಳಿಹಾಕಿದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಗೆರೆ ಕಾಣದೆ ಹೋದದ್ದರಿಂದಲೂ, ಮಹಾಸ್ಫೋಟದ 20 ಕೋಟಿ ವರ್ಷಗಳ ನಂತರದ ಗೆಲಾಕ್ಸಿಗಳು ಹೇಗಿದ್ದಿರಲಾರವು ಎಂಬುದಕ್ಕೆ ಮಿತಿ ಹಾಕಲು ಸಾಧ್ಯವಾಯಿತು.

ಮಂಕು ಗೆಲಾಕ್ಸಿಗಳ ರೋಹಿತ ವಿವರವಾಗಿ ಓದಲು ಇನ್ನೂ ದೊಡ್ಡ ಕನ್ನಡಿಗಳು ಬೇಕು. ಮೂವತ್ತು ಮೀಟರ್ ದೂರದರ್ಶಕವೆಂಬ ಅಂತಾರಾಷ್ಟ್ರೀಯ ಯೋಜನೆಯ ಕನ್ನಡಿ 492 ಷಟ್ಕೋನ ತುಂಡುಗಳಿಂದ ಆಗಬೇಕಾದದ್ದು. ಪ್ರತಿ ತುಂಡಿನ ಅಗಲ 1.44 ಮೀಟರ್. ಭಾರತದ ಪಾಲಿನ ತುಂಡುಗಳಿಗೆ ಹೊಳಪು ಕೊಡುವ ಕಾರ್ಯಾಗಾರ ಹೊಸಕೋಟೆಯ ಅದೇ ಆವರಣದಲ್ಲಿದೆ. ಗಾಜನ್ನು ಬೇಕಾದಷ್ಟು ಬಗ್ಗಿಸಿ ಹಿಡಿದು ಉಜ್ಜಿ, ಹಿಡಿತ ಬಿಟ್ಟಾಗ ಅದು ತಾನಾಗಿ ಸರಿಯಾದ ವಕ್ರತೆಗೆ ಮರಳುವಂತೆ ಮಾಡುವ ವಿಧಾನ ಅಲ್ಲಿನದು. ದೂರದರ್ಶಕಕ್ಕೆಂದು ಆರಿಸಿದ ಹವಾಯಿಯ ಮೌನಾ ಕಿಯಾ ಸ್ಥಳೀಯರಿಗೆ ಪವಿತ್ರ ಪರ್ವತ, ಅವರ ವಿರೋಧದಿಂದ ಅಲ್ಲಿ ನಿರ್ಮಾಣ ಮುಂದುವರಿದಿಲ್ಲ. ಹಾನ್ಲೆಯಲ್ಲಿಯೇ 10 ಮೀಟರ್ ಮೀರಿದ ರಾಷ್ಟ್ರೀಯ ದೂರದರ್ಶಕ ಕಟ್ಟುವ ಪ್ರಸ್ತಾವವೂ ಐಐಎಯ ಮುಂದಿದೆ. ಅಂಥ ಕನ್ನಡಿ ಈಗಿನ 2 ಮೀಟರ್ ಕನ್ನಡಿಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಬೆಳಕು ಕೂಡಿಸುತ್ತದೆ. ಹೆಸ್ಪ್ ಇಂದು ನಮ್ಮ ಆಕಾಶಗಂಗೆಯ ಹತ್ತಿರದ ತಾರೆಗಳಲ್ಲಿ ಅಳೆಯುವ ಲಿಥಿಯಂ, ಯುರೋಪಿಯಂಗಳನ್ನು ಆಗ ನೆರೆಯ ಕುಬ್ಜ ಗೆಲಾಕ್ಸಿಗಳ ಬಿಡಿ ತಾರೆಗಳಲ್ಲೂ ಅಳೆಯಬಹುದು.